ಗಡಹಿಂಗ್ಲಜದ ವಹಿಯ ಒಂದು ಮಾತು

ಕೊಲ್ಹಾಪುರ ಸೀಮೆಯ ಗ್ರಾಹಕ ಸಹಕಾರದ ಮಾತು ಬಂದಾಗ ಭಂಡಾರ ಕಟ್ಟಿದ ಹಿರಿಯರ ಹೆಸರುಗಳನ್ನು ಎಲ್ಲರೂ ಹೇಳುತ್ತಾರೆ. ಆ ಭಂಡಾರದೊಳಗೆ ಕೈಚೀಲ ಹಿಡಿದು ನಿಂತ ಹೆಂಗಸಿನ ಮಾತನ್ನು ಮೊದಲು ಬರೆಸಿಟ್ಟವರು ಯಾರೆಂದು ಕೇಳಿದರೆ ಮಾತ್ರ ಶ್ರೀಮತಿ ಮಾಣಿಕಬಾಯಿ ಮಗದುಮ್ಮ ಅವರ ಒಂದೇ ಹೆಸರು ಉಳಿಯುತ್ತದೆ. ಸಂಸಾರ ಗ್ರಾಹಕ ಭಂಡಾರದ ಮೂರೂ ಶಾಖೆಗಳ ತಪಾಸಣೆಯ ಕೆಲಸದಿಂದ ಅವರು ಈ ೧೯೬೯ರ ಮಾರ್ಚ್ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಹನ್ನೊಂದು ವರ್ಷ ಅವರ ಕೈಕೆಳಗೆ ಕಾರಕೂನಳಾಗಿದ್ದ ಇಂದು ಎಂಬ ನನಗೆ ಈ ಅಭಿನಂದನ ಗ್ರಂಥದಲ್ಲಿ ಎರಡು ಪುಟ ಕೊಟ್ಟಿದ್ದಾರೆ. ಬರಿಯ ಗುಣಗಾನದಿಂದ ಅದನ್ನು ತುಂಬಿಸಿದರೆ ಅವರೇ ಒಪ್ಪಲಾರರು. ಆದ್ದರಿಂದ ನನ್ನಿಂದಾದ ಒಂದು ತಪ್ಪನ್ನೂ ಬರೆಯುತ್ತೇನೆ.

ಮಾಣಿಕಬಾಯಿಯವರು ದತ್ತವಾಡದವರು. ಗಂಡ ತೀರಿದ ಮೇಲೆ ಕೊಲ್ಹಾಪುರದಲ್ಲಿ ಅಣ್ಣನ ಮನೆ ಸೇರಿ, ೧೯೫೭ರಲ್ಲಿ ಭಂಡಾರ ತೆರೆದಾಗ ಕಾಳು ಹಸನು ಮಾಡುವ ಕೆಲಸಕ್ಕೆ ಮೊರ ಹಿಡಿದು ಬಂದರು. ಮರುವರ್ಷ ನಾನು ಸೇರುವ ಹೊತ್ತಿಗೆ, ಚೀಲದ ಬಾಯಿ ಬಿಚ್ಚಿದೊಡನೆ ಬೇಳೆ ಎಷ್ಟು ಹಳೆಯದೆಂದು ವಾಸನೆಯಿಂದಲೇ ಹೇಳುತ್ತಿದ್ದರು. ೧೯೫೯ರಲ್ಲಿ ಇಚಲಕರಂಜಿಯ ಶಾಖೆ ತೆರೆಯಿತು. ಅಲ್ಲಿ ಅಕ್ಕಪಕ್ಕ ಮಗ್ಗಗಳು. ದಿನವಿಡೀ ಅವುಗಳ ಸದ್ದಿನಲ್ಲೇ ದುಡಿಯುವ ಹೆಂಗಸರಿಗೆ ಗಲ್ಲೆಯ ಮೇಜಿನಾಚೆಯ ಮಾತು ಕೇಳಿಸುತ್ತಿರಲಿಲ್ಲ. ಇವರು ಡಬ್ಬಿಗಳನ್ನು ಗಲ್ಲೆಯ ಈಚೆಗೆ ತರಿಸಿ, ಮುಚ್ಚಳ ತೆಗೆಸಿ, ಬಂದವರು ತಾವೇ ಮುಟ್ಟಿ ನೋಡಿ ಆರಿಸಿಕೊಳ್ಳುವಂತೆ ಮಾಡಿದರು. ಗಿರಾಕಿ ಮಾಲಿಗೆ ಕೈ ಹಾಕುವುದೆಂದರೆ ಆಗ ಸಂಚಾಲಕ ಮಂಡಳಿಗೆ ಗಾಬರಿಯ ವಿಷಯವಾಗಿತ್ತು.

೧೯೬೦ರಲ್ಲಿ ನನಗೆ ಐದು ತಿಂಗಳ ಗರ್ಭ ನಿಲ್ಲದೆ ಹೋಯಿತು. ಎಂಟನೆಯ ದಿನ ಕೆಲಸಕ್ಕೆ ಬಂದಾಗ ನನ್ನ ಮೇಜು ಬಾಗಿಲಿನ ಬಳಿ ಇರಲಿಲ್ಲ. ಮಾಣಿಕಬಾಯಿಯವರು ಅದನ್ನು ಒಳಗೆ, ಗೋಡೆಗೆ ಮುಖ ಮಾಡಿ ಹಾಕಿಸಿದ್ದರು. ಬಂದು ಹೋಗುವವರಿಗೆ ನನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಎರಡು ತಿಂಗಳ ಮೇಲೆ ನಾನೇ ಮೇಜನ್ನು ಎಳೆದು ಬಾಗಿಲಿಗೆ ತಂದೆ. ಆಗಲೂ ಅವರು ಏನೂ ಕೇಳಲಿಲ್ಲ.

೧೯೬೧ರಲ್ಲಿ ಗಡಹಿಂಗ್ಲಜಕ್ಕೆ ಮೂರನೆಯ ಶಾಖೆ ಬಂದಿತು. ಅದರ ಉಸ್ತುವಾರಿ ಚನ್ನವ್ವನದು. ಗಂಡ ಬಿಟ್ಟು ಹೋದವಳು, ಭಂಡಾರದ ರಸೀದಿಗಾಗಿಯೇ ಅಕ್ಷರ ಕಲಿತವಳು. ಅವಳ ಕೈಕೆಳಗೆ ಇನ್ನೂ ನಾಲ್ಕು ಹೆಂಗಸರಿದ್ದರು; ಐದೂ ಒಲೆಗಳು ಆ ಅಂಗಡಿಯಿಂದ ಉರಿಯುತ್ತಿದ್ದವು.

ಎರಡು ವರ್ಷದ ಮೇಲೆ ಮಾಣಿಕಬಾಯಿಯವರು ಪ್ರತಿ ಶಾಖೆಯಲ್ಲೂ ಒಂದು ವಹಿ ತೂಗುಹಾಕಿಸಿದರು. ಭಂಡಾರ ಹೇಗಿದೆ ಎಂದು ಕೇಳುವುದು, ಗಿರಾಕಿ ಹೇಳಿದ್ದನ್ನು ಬರೆಯುವುದು. ಬರೆಯಲು ಬಾರದವರ ಮಾತನ್ನು ಅಂಗಡಿಯವರು ಬರೆಯಬೇಕು. ‘ಅವರ ಬಾಯಾಗ ಬಂದಂಗನ ಬರೀರಿ. ನೀವು ಉಪ್ಪು ಖಾರ ಹಾಕಬ್ಯಾಡ್ರಿ,’ ಎಂಬುದೊಂದೇ ಅವರ ನಿಯಮ. ವಹಿಗಳು ಕೊಲ್ಹಾಪುರಕ್ಕೆ ಬಂದ ಮೇಲೆ ಮಂಡಳಿಗಾಗಿ ಮರಾಠಿಯಲ್ಲಿ ತಖ್ತೆ, ಅಂದರೆ ದರ್ಜೆ ಹಾಕಿದ ಪಟ್ಟಿ, ಮಾಡುವುದು ನನ್ನ ಕೆಲಸ. ಕೊಲ್ಹಾಪುರದವರು ಬೆಲ್ಲ ಚೆನ್ನಾಗಿದ್ದರೂ ‘ಲಯ್ ಭಾರೀ’ (ಬಹಳ ಸೊಗಸು), ಬೆಲ್ಲ ಕಟ್ಟಿದ ಕಾಗದ ಚೆನ್ನಾಗಿದ್ದರೂ ‘ಲಯ್ ಭಾರೀ’ ಎನ್ನುತ್ತಿದ್ದರು. ಇಚಲಕರಂಜಿಯವರು ‘ಚಾಂಗಲಾ ಆಹೆ’, ಚೆನ್ನಾಗಿದೆ, ಎಂದು ಮುಗಿಸುತ್ತಿದ್ದರು. ಗಡಹಿಂಗ್ಲಜದ ವಹಿಯಲ್ಲಿ ಚನ್ನವ್ವನ ದಪ್ಪ ಕನ್ನಡ ಅಕ್ಷರಗಳಲ್ಲಿ ಪುಟದ ಮೇಲೆ ಪುಟ ಒಂದೇ ಮಾತು: ‘ಅಡ್ಡಿಯಿಲ್ಲ’.

೧೯೬೬ರ ಬೇಸಿಗೆಯಲ್ಲಿ ಧಾನ್ಯದ ಅಭಾವ. ಮೂರು ಊರಿಗೆ ಹಂಚುವಷ್ಟು ಮಾಲು ಬಾರದಾಗ, ಗಿರಾಕಿಗಳ ಒಲವು ಎಲ್ಲಿ ಕಡಿಮೆಯೋ ಆ ಶಾಖೆಯನ್ನು ಮುಚ್ಚುವುದೆಂದು ಮಂಡಳಿ ಗೊತ್ತುಮಾಡಿತು. ತಖ್ತೆ ತಂದು ಕೊಡಲು ನನಗೆ ಹೇಳಿದರು.

‘ಅಡ್ಡಿಯಿಲ್ಲ’ವನ್ನು ನಾನು ಮರಾಠಿಯಲ್ಲಿ ‘ಹರಕತ್ ನಾಹೀ’ ಎಂದು ಬರೆದೆ. ಶಬ್ದಕ್ಕೆ ಶಬ್ದ ಸರಿ: ಆಕ್ಷೇಪವಿಲ್ಲ, ನಡೆದೀತು. ತಖ್ತೆಯ ನಾಲ್ಕು ದರ್ಜೆಗಳಲ್ಲಿ ಅದನ್ನು ಮೂರನೆಯದಕ್ಕೆ, ಕೆಟ್ಟದ್ದಕ್ಕಿಂತ ಒಂದೇ ಮೆಟ್ಟಿಲು ಮೇಲೆ, ಇಟ್ಟೆ. ಕನ್ನಡದ ಮನೆಯಲ್ಲಿ ಹುಟ್ಟಿದ ನನಗೆ ಆ ಮಾತು ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ನಾನು ಹದಿನೈದು ವರ್ಷ ಆ ಮಾತನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಂಡಿದ್ದೆ. ಯಾವ ಹಬ್ಬದ ಅಡಿಗೆ ಮಾಡಿ ಬಡಿಸಿ ಎದುರು ನಿಂತರೂ ನಮ್ಮ ಮನೆಯವರು ತಲೆ ಎತ್ತದೆ ‘ಅಡ್ಡಿಯಿಲ್ಲ’ ಎನ್ನುತ್ತಿದ್ದರು. ಪಕ್ಕದ ಮನೆಯಿಂದ ‘ಲಯ್ ಭಾರೀ’ ಕೇಳಿಬಂದಾಗಲೆಲ್ಲ ನಾನು ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ತೊಳೆಯುತ್ತಿದ್ದೆ. ನನ್ನ ಒಲೆಯ ಮುಂದಿನ ಅಸಮಾಧಾನವನ್ನೇ ನಾನು ಅಂದು ಗಡಹಿಂಗ್ಲಜದ ಹೆಂಗಸರ ಬಾಯಲ್ಲಿಟ್ಟು ದರ್ಜೆ ಹಾಕಿದ್ದೆ.

ಅಧ್ಯಕ್ಷ ದಾದಾಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಸಭೆಯಲ್ಲಿ ತಖ್ತೆ ಓದಿ ನಕ್ಕರು. ‘ದೀಡಶೇ ಜಣ ಹರಕತ್ ನಾಹೀ ಮ್ಹಣತಾತ್. ಮಗ ಆಮಚೀ ಕಾಯ್ ಹರಕತ್?’ ಎಂದರು. ನೂರೈವತ್ತು ಜನರಿಗೇ ಆಕ್ಷೇಪವಿಲ್ಲವೆಂದ ಮೇಲೆ ಮುಚ್ಚಲು ನಮ್ಮದೇನು ಆಕ್ಷೇಪ? ಬರುವ ಗುರುವಾರ ತಾವೇ ಗಡಹಿಂಗ್ಲಜಕ್ಕೆ ಹೋಗಿ ಕೀಲಿ ತೆಗೆದುಕೊಳ್ಳುವುದೆಂದು ನಿರ್ಧರಿಸಿದರು.

ಬುಧವಾರ ಮಧ್ಯಾಹ್ನ ಮಾಣಿಕಬಾಯಿಯವರು ವಹಿಯನ್ನೂ ನನ್ನ ತಖ್ತೆಯನ್ನೂ ಜೊತೆಯಾಗಿ ನನ್ನ ಮೇಜಿನ ಮೇಲಿಟ್ಟರು.

‘ಇಂದು, ಇದು ಯಾರ ಮಾತು?’

‘ತಪ್ಪಾತ್ರಿ, ಅಕ್ಕಾ. ನೀವ ದಾದಾಸಾಹೇಬರಿಗೆ ಹೇಳ್ರಿ.’

‘ನಾ ಹೇಳಿದ್ರ ಅಂಗಡಿ ಉಳಸಾಕ ಮಾಣಿಕಬಾಯಿ ಹುನ್ನಾರ ಮಾಡ್ಯಾಳ ಅಂತಾರ. ಬರದಾಕಿ ನೀ. ನೀನ ಹೇಳಬೇಕು.’

‘ನೌಕರಿ ಹೋದ್ರ?’

‘ಚನ್ನವ್ವಂದು ನಾಳೆ ಹೊಕ್ಕೈತಿ. ನಿಂದು ಹೋಗಬಹುದು. ಎರಡೂ ಒಂದ ಅಲ್ಲ.’

ಮರುದಿನ ನಾವಿಬ್ಬರೂ ಎಸ್.ಟಿ. ಬಸ್ಸಿನಲ್ಲಿ ಗಡಹಿಂಗ್ಲಜಕ್ಕೆ ಹೊರಟೆವು. ನಿಪ್ಪಾಣಿ ದಾಟುವವರೆಗೂ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದೆ. ಬಸ್ಸು ಕುಲುಕಿದಾಗಲೆಲ್ಲ ಅದು ಚದುರುತ್ತಿತ್ತು. ಅಂಗಡಿಯೊಳಗೆ ದಾದಾಸಾಹೇಬರು ಆಗಲೇ ಕುರ್ಚಿಯಲ್ಲಿದ್ದರು. ಗಲ್ಲೆಯ ಮೇಲೆ ಕೀಲಿಗೊಂಚಲು. ಚನ್ನವ್ವ ಅದರಿಂದ ಕಣ್ಣು ತೆಗೆದಿರಲಿಲ್ಲ. ಏನೂ ತಿಳಿಯದ ನೇಸರಿಯ ಸಾವಿತ್ರವ್ವ ತೊಗರಿಬೇಳೆಯ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಹಾಕಿ ನಿಂತಿದ್ದಳು.

ನಾನು ಕೈಯಲ್ಲಿದ್ದ ತಖ್ತೆಯನ್ನು ಬಿಚ್ಚಿ ಮತ್ತೆ ಮಡಿಚಿದೆ. ಮಾಣಿಕಬಾಯಿಯವರು ನನ್ನ ಕಡೆ ಒಮ್ಮೆ ನೋಡಿ ಸಾವಿತ್ರವ್ವನ ಕಡೆ ತಿರುಗಿದರು.

‘ಸಾವಿತ್ರವ್ವಾ, ಹ್ವಾದ ವರ್ಷ ಮಗಳನ್ನ ಕೊಟ್ಟೆಲ್ಲ, ಅಳಿಯ ಹ್ಯಾಂಗದಾನ?’

‘ಅಡ್ಡಿಯಿಲ್ರೀ, ಬಾಯಾರ.’

‘ಅದರ ಅರ್ಥ ಸಾಹೇಬರಿಗೆ ಹೇಳು, ಇಂದು.’

‘ಹರಕತ್ ನಾಹೀ,’ ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ದಾದಾಸಾಹೇಬರಿಗೆ ಕೇಳಿಸಿತು. ‘ಅಸಂ? ಮಗ ಮುಲೀಲಾ ಪರತ್ ಆಣಾ ಕೀ!’ ಎಂದು ಚೇಷ್ಟೆ ಮಾಡಿದರು. ಹಾಗಾದರೆ ಮಗಳನ್ನು ವಾಪಸು ಕರೆತನ್ನಿ.

ಸಾವಿತ್ರವ್ವನಿಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು. ಬೇಳೆಯಿಂದ ಕೈ ಹಿರಿದವಳೇ, ‘ಏ ಸಾಹೇಬ್ರ! ಏನ್ ಮಾತಾಡ್ತೀರಿ? ಯಾಕ ಕರಕೊಂಡ ಬರಲಿ? ಬಂಗಾರದಂಥಾ ಅಳಿಯಾ ಅದಾನ ನಂಗ!’ ಎಂದಳು.

‘ಮತ್ತ ಬಂಗಾರ ಅಂತ ಯಾಕ ಅನಲಿಲ್ಲ?’ ಎಂದರು ಮಾಣಿಕಬಾಯಿ.

‘ಬಂಗಾರ ಅಂತ ಬಾಯಿ ಬಿಟ್ಟು ಅಂದ್ರ ದಿಷ್ಟಿ ಆಗೂದಿಲ್ಲೇನ್ರೀ? ಶ್ಯಾಣ್ಯಾರು ನೀವು, ಇಷ್ಟೂ ತಿಳೀವಲ್ದ?’

ನಾನು ಅದನ್ನು ಮರಾಠಿಗೆ ತಿರುಗಿಸಿ ದಾದಾಸಾಹೇಬರಿಗೆ ಹೇಳಿದೆ. ಅದೇ ಉಸಿರಿನಲ್ಲಿ ವಹಿಯ ಮಾತನ್ನು ನಾನೇ ತಪ್ಪಾಗಿ ಬರೆದೆನೆಂದೂ, ಆ ನೂರೈವತ್ತು ಹೆಂಗಸರು ಈ ಅಂಗಡಿಗೆ ದೃಷ್ಟಿ ತಾಕಬಾರದೆಂದು ಹೊಗಳಿಕೆಯನ್ನು ನುಂಗಿಕೊಂಡವರೆಂದೂ ಹೇಳಿದೆ. ದಾದಾಸಾಹೇಬರ ಮುಖದಲ್ಲಿ ನಗುವಿರಲಿಲ್ಲ.

‘ಚೂಕ್ ತುಮಚೀ?’ ತಪ್ಪು ನಿಮ್ಮದೇ?

‘ಹೋಯ್,’ ಹೌದೆಂದೆ.

‘ದರ್ಜೆ ನಾಲ್ಕು ಅಂತ ಗೆರಿ ಹೊಡದಾಕಿ ನಾನು,’ ಎಂದರು ಮಾಣಿಕಬಾಯಿಯವರು, ಮರಾಠಿಯಲ್ಲಲ್ಲ, ಕನ್ನಡದಲ್ಲೇ. ‘ಮೂರೂ ಊರಿನ ಮಾತು ಒಂದ ಗೆರ್‍ಯಾಗ ಕುಂಡ್ರತಾವ ಅಂತ ತಿಳದಾಕಿ ನಾನು. ಅದನ್ನೂ ಹೇಳು, ಇಂದು.’ ಹೇಳಿದೆ. ನನ್ನ ತಪ್ಪಿಗಾಗಿ ಅವರು ಕ್ಷಮೆ ಕೇಳಲಿಲ್ಲ, ಅದನ್ನು ಮುಚ್ಚಲೂ ಇಲ್ಲ. ನನ್ನ ಪಕ್ಕಕ್ಕೆ ಬಂದು ನಿಂತರು, ಅಷ್ಟೇ.

ದಾದಾಸಾಹೇಬರು ಕೀಲಿಗೊಂಚಲನ್ನು ಕೈಗೆ ತೆಗೆದುಕೊಂಡರು. ತಖ್ತೆ ಹೊಸದಾಗಿ ಆಗುವವರೆಗೆ ಯಾವ ಶಾಖೆಯೂ ಮುಚ್ಚುವುದಿಲ್ಲವೆಂದು ಹೇಳಿ ಅದನ್ನು ಚನ್ನವ್ವನ ಅಂಗೈಗೇ ಹಾಕಿದರು. ಹೊಸ ತಖ್ತೆಯನ್ನು ಮೂಲ ವಹಿಯಿಂದ ನಾನೇ ಬರೆದೆ. ಗಡಹಿಂಗ್ಲಜದ ಮಾತನ್ನು ಕನ್ನಡದಲ್ಲಿದ್ದಂತೆಯೇ ಇಟ್ಟು, ಅದರ ಅರ್ಥವನ್ನು ಕೆಳಗೆ ಬೇರೆಯಾಗಿ ವಿವರಿಸಿದೆ. ಶಾಖೆ ಉಳಿಯಿತು, ಇದ್ದ ಮಾಲನ್ನು ಮೂರು ಊರೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ಹಂಚಿಕೊಂಡವು. ನನ್ನ ನೌಕರಿಯೂ ಉಳಿಯಿತು, ಆರು ತಿಂಗಳು ಬಡ್ತಿ ತಡೆಯಿತು.

ಆ ಸಂಜೆ ಮನೆಯಲ್ಲಿ ಬಡಿಸಿ ನಿಂತಾಗ ನಮ್ಮವರು ಎಂದಿನಂತೆ ‘ಅಡ್ಡಿಯಿಲ್ಲ’ ಎಂದರು. ‘ಯಾಕ್ರೀ, ದಿಷ್ಟಿ ಆದೀತಂತ ಹೆದರಿಕೇನು?’ ಎಂದು ಕೇಳಿದೆ. ಅವರು ತಲೆ ಎತ್ತಿ ನೋಡಿ, ‘ದಿಷ್ಟಿ ಯಾತರದು? ಉಪ್ಪು ಜರಾ ಕಡಿಮಿ ಐತಿ,’ ಎಂದರು. ಆ ಮಾತಿಗೆ ಪ್ರತಿ ಸಲವೂ ಒಂದೇ ಅರ್ಥವಿಲ್ಲವೆಂಬುದನ್ನೂ ನಾನು ಹಾಗೆ ಕಲಿತೆ. ಆದರೆ ಅಂದು ಪಾತ್ರೆಗಳನ್ನು ಸದ್ದಿಲ್ಲದೆ ತೊಳೆದೆ.

ಈಗ ಮಾಣಿಕಬಾಯಿಯವರು ದತ್ತವಾಡಕ್ಕೆ ಮರಳುತ್ತಿದ್ದಾರೆ. ತಿಂಗಳಿಗೊಮ್ಮೆ ಗಡಹಿಂಗ್ಲಜಕ್ಕೆ ಬಂದು ಹೊಸ ಮಾಲಿನ ವಾಸನೆ ನೋಡಬೇಕೆಂದು ಚನ್ನವ್ವ ಆಗಲೇ ಮಾತು ತೆಗೆದುಕೊಂಡಿದ್ದಾಳೆ. ಈ ಗ್ರಂಥಕ್ಕಾಗಿ ಅಕ್ಕನವರ ಬಗ್ಗೆ ನಾಲ್ಕು ಮಾತು ಹೇಳೆಂದರೆ ಅವಳು ಹೇಳಿ ಬರೆಸಿದ್ದು ವಹಿಯ ಆ ಒಂದೇ ಮಾತು. ಮರಾಠಿಯಲ್ಲಿ ಏನೆಂದು ಅಚ್ಚು ಹಾಕಿಸಲಿ ಎಂದು ಸಂಪಾದಕರು ನನ್ನನ್ನು ಕೇಳಿದರು. ಇದ್ದಂತೆಯೇ ಹಾಕಿರಿ ಎಂದೆ.

ಅವರಿಗೆ ಆಯುಷ್ಯವೂ ಆರೋಗ್ಯವೂ ಕೈತುಂಬ ಕೆಲಸವೂ ಇರಲಿ ಎಂದು ಹಾರೈಸುತ್ತೇನೆ. ಇನ್ನೂ ಬಹಳ ವರ್ಷ, ದತ್ತವಾಡದ ಬಸ್ಸಿಳಿದು ಅವರ ಹೊಸ್ತಿಲಲ್ಲಿ ನಿಂತು ‘ಹ್ಯಾಂಗದೀರಿ, ಅಕ್ಕಾ?’ ಎಂದು ನಾವು ಕೇಳಿದಾಗ, ಒಳಗಿನಿಂದ ಮೊರದ ಸದ್ದು ನಿಂತು ಬರುವ ಉತ್ತರ ಅದೇ ಆಗಿರಲಿ: ‘ಅಡ್ಡಿಯಿಲ್ಲ.’