ಹನ್ನೊಂದರಿಂದ ಭಾಗವಾಗುವ ನಂಬರು

ನನ್ನ ಹಳೆಯ ಮೊಬೈಲ್ ನಂಬರಿನ ಮೊದಲ ಐದು ಅಂಕಿಗಳೇ ಕೊನೆಯ ಐದೂ ಆಗಿದ್ದವು. ಅದನ್ನಿಲ್ಲಿ ಬರೆಯಲಾರೆ, ನಾಳೆ ಯಾರ ಪಾಲಾಗುತ್ತದೋ. ಹೀಗೆ ಐದಂಕಿ ಎರಡು ಸಲ ಬಂದ ಸಂಖ್ಯೆ ಯಾವುದೇ ಇರಲಿ, ಹನ್ನೊಂದರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಒಂದು ಬಿಟ್ಟು ಒಂದು ಅಂಕಿ ಕೂಡಿ ನೋಡಿ, ಎರಡೂ ಸಾಲಿನ ಮೊತ್ತ ಒಂದೇ. ಕಾನ್ವೆಂಟಿನಲ್ಲಿ ಗಣಿತದ ಸಿಸ್ಟರ್ ಕಲಿಸಿದ್ದು. ಸಾರು ಕುದಿಯುವಾಗ ಹೀಗೆಲ್ಲ ಲೆಕ್ಕ ಹಾಕುತ್ತ ನಿಲ್ಲುವುದು ನನಗೆ ಅಭ್ಯಾಸ.

ಗಾವಡಗೆರೆಯಲ್ಲಿ ಅಣ್ಣನ ಮನೆಯಲ್ಲಿರುವ ಅವ್ವನಿಗೆ ಈಗ ಮರೆವು. ಮೊಮ್ಮಕ್ಕಳ ಹೆಸರೇ ಅದಲುಬದಲು. ಆ ನಂಬರು ಮಾತ್ರ ತಪ್ಪುತ್ತಿರಲಿಲ್ಲ. "ಒಂದ್ಸಲ ಒತ್ತಿದ್ನೇ ಇನ್ನೊಂದ್ಸಲ ಒತ್ತದು, ಅಷ್ಟೇ ಕಣವ್ವ," ಎನ್ನುತ್ತಿದ್ದಳು. ದಿನಾ ನಾನು ಹಾಲು ಕಾಯಿಸುವ ಹೊತ್ತಿಗೆ ಅವಳ ಫೋನು.

ಹೊಸ ಕಾರಿಗೆ ನಂಬರು ಕೇಳಲೆಂದು ಕೆ.ಆರ್. ನಗರದ ಸಂಖ್ಯಾಶಾಸ್ತ್ರದವನ ಹತ್ತಿರ ಹೋದ ನನ್ನ ಗಂಡ, ಮನೆಯವರ ಫೋನ್ ನಂಬರುಗಳನ್ನೂ ತೋರಿಸಿ ಬಂದರು. ನನ್ನದರ ಅಂಕಿಗಳನ್ನು ಕೂಡಿ, ಬಂದದ್ದನ್ನು ಮತ್ತೆ ಕೂಡಿದರೆ ಎಂಟಂತೆ. ಎಂಟೆಂದರೆ ಶನಿಯಂತೆ. ಸಿಮ್ ಇದ್ದದ್ದು ಅವರ ಹೆಸರಲ್ಲಿ. ನನ್ನನ್ನು ಕೇಳದೆಯೇ ಆ ನಂಬರು ಬಂದ್ ಮಾಡಿಸಿ, ಹೊಸ ಸಿಮ್ ಹಾಕಿಕೊಟ್ಟರು.

"ಒಂಬತ್ತರಿಂದ ಭಾಗಿಸಿದ್ರೆ ಎಂಟು ಉಳಿಯತ್ತೆ, ಅಷ್ಟೇ ರೀ ಅದರರ್ಥ. ಪ್ರತಿ ಒಂಬತ್ತು ಸಂಖ್ಯೇಲಿ ಒಂದು ಹಾಗೇ ಇರತ್ತೆ. ಶನಿಗೆ ಅಷ್ಟೊಂದು ಪುರುಸೊತ್ತಿದೆಯಾ?"

"ನಿನ್ ಕಾನ್ವೆಂಟ್ ಬುದ್ಧಿ ಅಡುಗೆಮನೇಲಿಟ್ಕೊ. ಹೊಸ ನಂಬರು ವಾಟ್ಸಾಪಲ್ಲಿ ಎಲ್ರಿಗೂ ಕಳಿಸಿದ್ದೀನಿ ಬುಡು."

ಅವ್ವನದು ಗುಂಡಿ ಒತ್ತುವ ಫೋನು. ಅಣ್ಣನ ಫೋನಿಗೆ ಕರೆ ಮಾಡಿ ಹೊಸ ನಂಬರನ್ನು ಅವಳಿಗೆ ಬಾಯಿಪಾಠ ಮಾಡಿಸಿದೆ. ನಾಲ್ಕನೆಯ ಅಂಕಿಗೇ ಜಾರುತ್ತಿತ್ತು. ಮಾರನೆಯ ದಿನಕ್ಕೆ, ನಾನು ಕಲಿಸಿದ್ದೂ, ಮಾತಾಡಿದ್ದೂ ನೆನಪಿಲ್ಲ.

ಮೊನ್ನೆ ಬೆಳಿಗ್ಗೆ ಅವ್ವ ಒಬ್ಬಳೇ ಬಸ್ಸು ಹತ್ತಿ ಹುಣಸೂರಿಗೆ ಬಂದು, ನಮ್ಮ ಬಾಗಿಲಲ್ಲಿ ನಿಂತಿದ್ದಳು. ಒಂದು ಕಾಲಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ಅತ್ತಿಗೆಯದು.

"ಬದುಕಿದ್ದೀಯೇನವ್ವ? ಪೋನೇ ಓಗ್ನಿಲ್ವಲ್ಲ. ಎದೆ ಒಡ್ಕಂಡೆ ಕಣವ್ವ."

ಗಂಡ ನಕ್ಕರು. "ನಿಮ್ ಮಗಳಿಗೇನಾಗಿದೆ ಅತ್ತೆ? ಶನಿ ಬುಟ್ಟೋಯ್ತು ಅಷ್ಟೇಯ."

"ನನ್ ಬಾಯ್ಗೆ ಬತ್ತಿದ್ದುದು ಅದೊಂದೇ ಅಲ್ವಾ ಅಳಿಯಂದ್ರೇ..."

ಮದುವೆಯಾದಾಗಿನಿಂದ ಆ ಮನೆಯಲ್ಲಿ ನಾನು ದನಿಯೆತ್ತಿದ್ದಿಲ್ಲ. ಅವತ್ತೂ ಎತ್ತಲಿಲ್ಲ. ಹೊಸ ಸಿಮ್ ಕಿತ್ತು ಅವರ ಕಾಫಿ ಲೋಟಕ್ಕೆ ಹಾಕಿದೆ. "ಆ ನಂಬರು ವಾಪಸ್ ತನ್ನಿ. ನನ್ನ ಹೆಸರಿಗೇ ಮಾಡ್ಸಿ. ಅಲ್ಲೀತನಕ ನಾನು ಗಾವಡಗೆರೇಲಿರ್ತೀನಿ," ಎಂದೆ. ಅವ್ವನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದೆ.

ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ ಅವ್ವ ಸೆರಗಿನಿಂದ ಫೋನು ತೆಗೆದಳು. ಐದು ಅಂಕಿ ಒತ್ತಿದಳು, ಮತ್ತೆ ಅದೇ ಐದು. ಒಂದೂ ತಪ್ಪಲಿಲ್ಲ. ಕಿವಿಗಿಟ್ಟುಕೊಂಡು ಕಾದಳು.

"ಎತ್ತನಿಲ್ಲ ಕಣವ್ವ, ನನ್ ಮಗ್ಳು," ಎಂದಳು ನನಗೇ.