ನೀರಿನ ಕೆಳಗೆ ಊಟ

ಶಮೀಮ ಮೇಡಂ ಛತ್ತಿನ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಅದರ ಕೆಳಗಿನ ಕೋಣೆಯಲ್ಲಿ ಬುತ್ತಿ ಬಿಚ್ಚಿ ಊಟಕ್ಕೆ ಕೂರುತ್ತಿದ್ದರು. ಕಟ್ಟಡದ ಮಾಲಕರೂ ಪಕ್ಕದಲ್ಲಿ ಕೂತು ಉಣ್ಣಲೇಬೇಕು. "ಮ್ಯಾಲೆ ನೀರ ನಿಂತಾವ್ರಿ. ಕೆಳಗ ಉಣ್ಣಾಕ ಧೈರ್ಯ ಇಲ್ಲಾಂದ್ರ ಮ್ಯಾಲೆ ಮಣ್ಣ್ಯಾಕ ಹಾಕಸ್ತೀರಿ?" ಎನ್ನುತ್ತಿದ್ದರು. ಛತ್ತಿನ ಮೇಲೆ ತೋಟ ಮಾಡಿಕೊಡುವ ಗೋಕಾಕದ ಈ ಇಂಜಿನಿಯರ್ ಮೇಡಂ ಅವರ ಪರೀಕ್ಷೆ ಅದು.

ಮೂಡಲಗಿಯ ನಮ್ಮ ಸಣ್ಣ ಶಾಲೆಗೆ ಅವರನ್ನು ಕರೆಸಿದ್ದು ನಾನು, ಬಿಸಿಲಿಗೆ ಸೋತು. ಛತ್ತಿನ ಮೇಲೆ ಹುಲ್ಲು, ಹೂಗಿಡ ಬೆಳೆಸಿದರೆ ಕೆಳಗಿನ ಮಕ್ಕಳಿಗೆ ತಂಪಾದೀತೆಂಬ ಆಸೆ. ಅವರೋ ಬಂದವರೇ ತೊಲೆ ಬಡಿದರು, ಮೂಲೆ ಕೆದರಿದರು. "ಗಿಡ ಆಮ್ಯಾಲ್ರಿ ಸರ್. ಹುಕ್ಕೇರ್ಯಾಗ ನಮ್ಮಜ್ಜಿ ಮನಿ ಮಣ್ಣಿನ ಮ್ಯಾಳಗಿ ಮಳ್ಯಾಗ ಕುಸದ ಬಿದ್ದಿದ್ದ ನೋಡೇನಿ. ಒಣಾ ಮಣ್ಣಿನ ತೂಕಾನ ಬ್ಯಾರೆ, ತೊಯ್ದ ಮಣ್ಣಿನ ತೂಕಾನ ಬ್ಯಾರೆ." ನಮ್ಮ ಛತ್ತಿನ ಮೇಲೂ ನೀರು ನಿಲ್ಲಿಸಿದಾಗ ಒಂದು ಮೂಲೆಯಲ್ಲಿ ಹಸಿ ಕಂಡಿತೆಂದು ಅದನ್ನೆಲ್ಲ ಬಸಿದು, ದುರಸ್ತಿ ಮಾಡಿಸಿ, ಮತ್ತೆ ತುಂಬಿಸಿದರು. ನನಗಂತೂ ತಲೆ ಕೆಟ್ಟುಹೋಗಿತ್ತು.

ಕೊನೆಗೂ ಹುಲ್ಲು ಬೆಳೆಯಿತು. ಉದ್ಘಾಟನೆಯ ಮುಂಜಾನೆಯೇ ಜೋರು ಮಳೆ. ಮಳೆ ನಿಂತ ಮೇಲೆ ಅತಿಥಿಗಳು, ಪಾಲಕರು ಮೇಲೆ ಹೋಗಲು ಮೆಟ್ಟಿಲ ಬಳಿ ಸೇರಿದರು. ಕೆಳಗಿನ ಕೋಣೆಯಲ್ಲಿ ಮಕ್ಕಳು ಸ್ವಾಗತಗೀತೆಗೆ ಸಾಲಾಗಿ ನಿಂತಿದ್ದರು. ಮೇಡಂ ಮಾತ್ರ ಛತ್ತಿನ ನೀರು ಹರಿದುಹೋಗಲೆಂದು ಗೋಡೆಗುಂಟ ಇಳಿಸಿದ್ದ ಕೊಳವೆಯನ್ನೇ ನೋಡುತ್ತಿದ್ದರು. ಅದರಿಂದ ಒಂದು ಹನಿ ನೀರೂ ಬರುತ್ತಿರಲಿಲ್ಲ.

"ಯಾರೂ ಮ್ಯಾಲೆ ಹತ್ತಬ್ಯಾಡ್ರಿ! ಹುಡುಗುರ್ನ ಹೊರಗ ಕರಕೊಂಡ ಬರ್ರಿ!"

ರೇಷ್ಮೆ ಸೀರೆಯಲ್ಲೇ ಒಬ್ಬರೇ ಮೇಲೆ ಹೋಗಿ, ನಿಂತ ನೀರಿನಲ್ಲಿ ಮೊಣಕಾಲೂರಿ, ಕೊಳವೆಯ ಬಾಯಿಗೆ ಭುಜದವರೆಗೆ ಕೈ ಹಾಕಿದರು. ಎಳೆದದ್ದು ಚೆಂಡು ಹೂವಿನ ಮಾಲೆ. ನಾವೇ ಚಂದಕ್ಕೆಂದು ಸುತ್ತುಗೋಡೆಗೆ ಕಟ್ಟಿದ್ದು ಮಳೆಗೆ ಕಳಚಿ ಬಿದ್ದಿತ್ತು. ನೀರು ಧೋ ಎಂದು ಕೆಳಗೆ ಸುರಿಯಿತು. ಅಷ್ಟು ಭಾರದ ಮೇಲೆ ನಾವೆಲ್ಲ ಹತ್ತಿ ನಿಲ್ಲುವವರಿದ್ದೆವು, ಕೆಳಗೆ ಮಕ್ಕಳಿದ್ದರು. ನಾವೆಲ್ಲ ಹೂವು ನೋಡುತ್ತಿದ್ದಾಗ ಬಾರದ ನೀರನ್ನು ನೋಡಿದ ಆ ಕಣ್ಣಿಗೆ ಇಂದಿಗೂ ಬೆರಗಾಗುತ್ತೇನೆ.

ಆಮೇಲೆ ಪ್ರತಿ ಮಳೆಗಾಲಕ್ಕೆ ಮುಂಚೆ ತಾವೇ ಬಂದು ಕೊಳವೆ ನೋಡಿ ಹೋಗುತ್ತಿದ್ದರು. ಕಳೆದ ಸಲ ಬಂದಾಗ ಕಾಯಿಲೆಯಿಂದ ತೀರ ಇಳಿದಿದ್ದರು, ಮೆಟ್ಟಿಲು ಹತ್ತಲಾಗಲಿಲ್ಲ. "ನೀವ ನೋಡಿ ಬರ್ರಿ ಸರ್. ನಾ ಇಲ್ಲೇ ಕೆಳಗ ಉಣ್ಣಾಕ ಕುಂದರತೇನಿ" ಅಂದರು. ನೋಡಿ ಇಳಿದು ಬಂದಾಗ, ತಲೆ ಎತ್ತಿ ಛತ್ತನ್ನೂ ನೋಡದೆ, ನನ್ನನ್ನೂ ಕೇಳದೆ, ನಿಶ್ಚಿಂತೆಯಿಂದ ರೊಟ್ಟಿ ಮುರಿಯುತ್ತಿದ್ದರು.

ಈ ವರ್ಷ ಅವರಿಲ್ಲ. ಮಳೆ ಹಿಡಿಯುವ ಮೊದಲು ಕೊಳವೆಗೆ ಭುಜದವರೆಗೆ ಕೈ ಹಾಕಿ ನೋಡಿದೆ. ಸಮಾಧಾನವಾಗದೆ ಮತ್ತೊಮ್ಮೆ ಹಾಕಿದೆ. ಆಮೇಲೆ ಕೆಳಗಿಳಿದು, ಅವರು ಕೂತಿದ್ದ ಜಾಗದಲ್ಲಿ, ಮಕ್ಕಳ ನಡುವೆ ಬುತ್ತಿ ಬಿಚ್ಚಿದೆ.