ಹುಳದ ಮನೆಯ ಗೋಣಿಚೀಲ

ರೇಷ್ಮೆಹುಳ ಪೊರೆ ಬಿಡುವ ಮುನ್ನ ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ನಮ್ಮ ಮಾಗಡಿ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕುವಂತಿಲ್ಲ, ಹಾಗಾಗಿ ಸಾಕುವವರಿಗೂ ಅದೇ ಬಿಡುವು. ನಮ್ಮತ್ತೆ ಆಗ ಕೆಲಸವೆಲ್ಲ ಬದಿಗಿಟ್ಟು ಮಲಗಿಬಿಡುತ್ತಾರೆ. ಹೋದ ವರ್ಷದ ಬೆಳೆಯಲ್ಲಿ ಕೊನೆಯ ಜ್ವರ ಬಂದಾಗ ನಾನು ಮಾತ್ರ ಮನೆಯ ಕಂಬಳಿಗಳನ್ನೆಲ್ಲ ಒಗೆಯಲು ಕೂತೆ. ಸುಮ್ಮನೆ ಕೂತರೆ ನನಗೆ ಉಂಡದ್ದು ಅರಗುವುದಿಲ್ಲ.

ಜ್ವರ ಬಿಟ್ಟೆದ್ದ ಹುಳಗಳ ಹಸಿವು ಕೇಳಬೇಡಿ. ಸೊಪ್ಪು ಕೊಯ್ದು, ಹೊತ್ತು, ಹಾಸಿ, ವಾರ ಕಳೆಯುವಷ್ಟರಲ್ಲಿ ನಿದ್ದೆಯಿಲ್ಲದೆ ನನ್ನ ತಲೆಯೇ ಓಡುತ್ತಿರಲಿಲ್ಲ. ಹುಳ ಹಣ್ಣಾಗತೊಡಗಿದ್ದೂ ಆಗಲೇ. ಹಣ್ಣಾದ ಹುಳದ ಮೈ ತಿಳಿಯಾಗಿ ಹಳದಿಗೆ ತಿರುಗುತ್ತದೆ. ಅಂಥದ್ದನ್ನಷ್ಟೇ ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಸದಲ್ಲೇ ಗೂಡು ಕಟ್ಟುತ್ತದೆ. ಅವಸರ ಮಾಡಿದರೆ ಹಣ್ಣಾಗದ ಹುಳ ಗಲೀಜು ಮಾಡಿ ಪಕ್ಕದ ಗೂಡುಗಳನ್ನೂ ಕೆಡಿಸುತ್ತದೆ. ನಮ್ಮವರು ಇನ್ನಷ್ಟು ಚಂದ್ರಿಕೆ ತರಲು ಪಕ್ಕದೂರು ಕಲ್ಯಕ್ಕೆ ಹೋಗಿದ್ದರು. ಅತ್ತೆಗೆ ಕಣ್ಣು ಮಂಜು. ಬೆಳೆಯೆಲ್ಲ ನನ್ನ ಕಣ್ಣಿನ ಮೇಲೆ ನಿಂತಿತ್ತು.

ನನಗೋ ಎಲ್ಲ ಹುಳವೂ ಹಳದಿಯಾಗಿಯೇ ಕಾಣುತ್ತಿತ್ತು. ಮುಖಕ್ಕೆ ನೀರೆರಚಿಕೊಂಡೆ, ಟೀ ಕುಡಿದೆ. ಫೋನಿನಲ್ಲಿ ಯಾರೋ ಹೇಳಿದ್ದಂತೆ ದೀರ್ಘವಾಗಿ ಉಸಿರನ್ನೂ ಎಳೆದೆ. ಹುಳದ ಮನೆಯಲ್ಲಿ ಉಸಿರೆಳೆದರೆ ಸಿಗುವುದು ಹಿಕ್ಕೆಯ ವಾಸನೆ.

ಅಷ್ಟರಲ್ಲಿ ನಾನು ಚಂದ್ರಿಕೆಗೆ ಬಿಟ್ಟಿದ್ದ ಕೆಲವು ಹುಳ ಸೊಪ್ಪು ಹುಡುಕುತ್ತ ಕೆಳಗಿಳಿದು ಅತ್ತೆಯ ಕಾಲು ಹತ್ತಿದವು.

"ಇವು ಇನ್ನೂ ಮೇಯೋ ಹುಳ ಕಣವ್ವ. ನೀನು ಹೋಗಿ ಒಸಿ ಮಲಿಕ್ಕೊ."

"ಹುಳ ಕಾಯ್ತಾವಾ ಅತ್ತೆ?" ಎಂದು ರೇಗಿದೆ.

"ಕಣ್ಣು ಕಾಣ್ದೋಳು ಈ ಮನೇಲಿ ನಾನೊಬ್ಳು ಸಾಕು. ಎದ್ದೋಗು."

ಸಿಟ್ಟಿನಲ್ಲೇ ಹೋಗಿ ಮೂಲೆಯ ಗೋಣಿಚೀಲದ ಮೇಲೆ ಉರುಳಿದೆ. ಎಚ್ಚರವಾದಾಗ ಬಾಗಿಲ ಬಿಸಿಲು ಗೋಡೆಗೆ ಸರಿದಿತ್ತು, ಅಷ್ಟೆ. ಅತ್ತೆ ಹಲ್ಲಿ ಬರದಂತೆ ಕಡ್ಡಿ ಬಡಿಯುತ್ತ ಹುಳದ ಪಕ್ಕದಲ್ಲೇ ಕೂತಿದ್ದರು. ಬಗ್ಗಿ ನೋಡಿದೆ. ಹಣ್ಣಾದವು ಬೇರೆ, ಆಗದವು ಬೇರೆ, ಎದ್ದು ಕಾಣುತ್ತಿದ್ದವು. ಹೋದ ಜೀವ ಬಂದಂತಾಯಿತು.

"ಈಗ ಕಾಣ್ತಾವಾ?"

"ಕಾಣ್ತಾವೆ ಅತ್ತೆ."

"ಸರಿ ಬುಡು," ಎಂದು ಕಡ್ಡಿ ನನ್ನ ಕೈಗಿತ್ತು, ಗೋಡೆ ಹಿಡಿದು ಎದ್ದರು. ಕಾಲಿನಿಂದ ತಡವಿ ತಡವಿ ಅದೇ ಗೋಣಿಚೀಲ ಹುಡುಕಿಕೊಂಡು ಒರಗಿದವರೇ ಗೊರಕೆ ಶುರುಮಾಡಿದರು. ವಾರವೆಲ್ಲ ನನ್ನ ಜೊತೆ ಅವರೂ ನಿದ್ದೆಗೆಟ್ಟಿದ್ದರು. ಮಲಗುವ ಮೊದಲ ಸರದಿಯನ್ನು ನನಗೆ ಬಿಟ್ಟಿದ್ದರು.